ಸೂರಿಗೇಕೆ ಮುಸುಕು?

ಬೆಂಗಳೂರಿನಲ್ಲಿ ಫ್ಲ್ಯಾಟಿನ ಕೀಲಿಕೈ ಸಿಕ್ಕ ವಾರದೊಳಗೆ ಗೃಹಪ್ರವೇಶ ಆಗುತ್ತದೋ ಇಲ್ಲವೋ, ಇಂಟೀರಿಯರ್‌ನವರ ಕೊಟೇಶನ್ ಅಂತೂ ಬಂದುಬಿಟ್ಟಿರುತ್ತದೆ. ಅಡುಗೆಮನೆಯ ಕಪಾಟು, ಮಲಗುವ ಕೋಣೆಯ ವಾರ್ಡ್‌ರೋಬು ಆದ ಮೇಲೆ ಬರುವ ಸಾಲೇ ಫಾಲ್ಸ್ ಸೀಲಿಂಗ್. ಅದನ್ನು ಮನೆಯವರು ಕೇಳಿರುವುದಿಲ್ಲ. ಬಂದದ್ದನ್ನು ಬೇಡ ಎನ್ನುವುದೂ ಇಲ್ಲ. ಮೈಸೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲೂ ಈಗ ಇದೇ ಕತೆ. ಹಳೆಯ ಮನೆಯನ್ನು ದುರಸ್ತಿಗೆ ಎತ್ತಿಕೊಂಡವರದಂತೂ ಇನ್ನೂ ಸ್ವಾರಸ್ಯ. ತೊಲೆ, ಜಂತೆಯ ತಾರಸಿ ಇದ್ದರೆ "ತುಂಬಾ ಹಳೇ ಕಾಲದ್ದು ಸಾರ್". ಎಂಬತ್ತರ ದಶಕದ ಆರ್‌ಸಿಸಿ ಮೋಲ್ಡು ಇದ್ದರೆ "ತೀರಾ ಪ್ಲೇನ್ ಆಯ್ತು". ತೊಂಬತ್ತರ ದಶಕದಲ್ಲಿ ಆಸೆಪಟ್ಟು ಫ್ಯಾನಿನ ಸುತ್ತ ಪಿಓಪಿ ಹೂವು, ಗೋಡೆಯಂಚಿಗೆ ಬಳ್ಳಿ, ನಡುವೆ ಗುಳ್ಳೆ ಗುಳ್ಳೆಯ ಟೆಕ್ಸ್ಚರ್ ಮಾಡಿಸಿಕೊಂಡಿದ್ದರೆ "ಇದೆಲ್ಲ ಔಟ್‌ಡೇಟೆಡ್". ಕಾಯಿಲೆ ಮೂರು, ಮದ್ದು ಒಂದೇ: ಎಲ್ಲವನ್ನೂ ಜಿಪ್ಸಮ್ ಬೋರ್ಡಿನಿಂದ ಮುಚ್ಚು, ಅಂಚಿನಲ್ಲಿ ದೀಪ ಬಚ್ಚಿಡು.

ನನ್ನ ತಕರಾರು ಈ ಮದ್ದಿನ ಮೇಲೆಯೇ. ಸೂರು ಹಳೆಯದಾಯಿತು ಎಂದು ಹೇಳುವ ಮನುಷ್ಯ ಸೂರನ್ನು ನೋಡಿಯೇ ಇರುವುದಿಲ್ಲ. ಅದು ಬಿರುಕು ಬಿಟ್ಟಿದೆಯೇ, ತೇವ ಹಿಡಿದಿದೆಯೇ, ಜಂತೆಗೆ ಗೆದ್ದಲು ಹತ್ತಿದೆಯೇ ಎಂದು ಏಣಿ ಹತ್ತಿ ನೋಡುವವನಿಗೂ, ಕೆಳಗೆ ನಿಂತು ಮೊಬೈಲಿನಲ್ಲಿ ಬೇರೆಯವರ ಹಾಲಿನ ಚಿತ್ರ ತೋರಿಸುವವನಿಗೂ ವ್ಯತ್ಯಾಸವಿದೆ. ಮೊದಲನೆಯವನು ದುರಸ್ತಿ ಮಾಡುತ್ತಾನೆ. ಎರಡನೆಯವನು ಮುಚ್ಚುತ್ತಾನೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಇವರನ್ನು ನೋಡಿ ಹುಟ್ಟಿದ್ದಲ್ಲ, ಆದರೆ ಇವರಿಗೆ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ.

ಅಳತೆಯಿಂದಲೇ ಶುರುಮಾಡೋಣ. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಒಂದು ಮಹಡಿಯ ನೆಲದಿಂದ ಮೇಲಿನ ಮಹಡಿಯ ನೆಲಕ್ಕೆ ಸಾಮಾನ್ಯವಾಗಿ ಮೂರು ಮೀಟರ್, ಹತ್ತಡಿಗೆ ಎರಡಿಂಚು ಕಡಿಮೆ. ಅದರಲ್ಲಿ ಸ್ಲ್ಯಾಬು ಐದಾರು ಇಂಚು ನುಂಗುತ್ತದೆ, ನೆಲದ ಟೈಲ್ಸು ಮತ್ತದರ ಕೆಳಗಿನ ಗಾರೆ ಇನ್ನೆರಡು ಇಂಚು. ನಿಮ್ಮ ಪಾಲಿಗೆ ಉಳಿಯುವುದು 2.8 ಮೀಟರ್. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್ ಎತ್ತರ ಇರಬೇಕು ಎನ್ನುತ್ತದೆ. ಅಳೆಯಬೇಕಾದದ್ದು ಸಿದ್ಧ ನೆಲದಿಂದ ಸೂರಿನ ಅತಿ ಕೆಳಗಿನ ಭಾಗಕ್ಕೆ. ಅಂದರೆ ಬಿಲ್ಡರ್ ಮೊದಲೇ ಆ ಗೆರೆಯಿಂದ ಎರಡು ಬೆರಳು ಮೇಲೆ ನಿಲ್ಲಿಸಿ ಕೊಟ್ಟಿದ್ದಾನೆ. ನೀವು ಕೈಯಾರೆ ದುಡ್ಡು ಕೊಟ್ಟು ಅದನ್ನು ಆರರಿಂದ ಎಂಟಿಂಚು ಕೆಳಗಿಳಿಸಿ, ಎಂಟೂವರೆ ಅಡಿಗೆ ತಂದು ನಿಲ್ಲಿಸುತ್ತೀರಿ.

ಕಾರ್ಪೆಟ್ ಏರಿಯಾದಲ್ಲಿ ಹತ್ತು ಚದರ ಅಡಿ ಕಮ್ಮಿ ಬಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರ ರೇರಾಕ್ಕೆ ದೂರು ಬರೆಯುವ ಜನ ನಾವು. ಅದೇ ಜನ ಸಾವಿರ ಚದರಡಿಯ ಮನೆಗೆ ಪೂರ್ತಿ ಫಾಲ್ಸ್ ಸೀಲಿಂಗ್ ಹಾಕಿಸಿ ಎಂಟಿಂಚು ಬಿಟ್ಟುಕೊಟ್ಟಾಗ ಹೋದದ್ದು ಸುಮಾರು 667 ಘನ ಅಡಿ ಜಾಗ ಎಂದು ಲೆಕ್ಕ ಹಾಕುವುದಿಲ್ಲ. ಹತ್ತಡಿ ಉದ್ದ, ಏಳಡಿ ಅಗಲದ ಒಂದು ಕೋಣೆ ಅದು, ನೆಲದಿಂದ ಸೂರಿನವರೆಗೆ. ಎತ್ತರಕ್ಕೆ ನಮ್ಮ ಮಾರುಕಟ್ಟೆಯಲ್ಲಿ ಬೆಲೆ ಬರೆದಿಲ್ಲವಾದ್ದರಿಂದ ಅದು ಕಳೆದುಹೋದದ್ದು ಯಾರಿಗೂ ತಿಳಿಯುವುದಿಲ್ಲ.

ಫ್ಯಾನಿಗೆ ಮಾತ್ರ ತಿಳಿಯುತ್ತದೆ. ಫ್ಯಾನಿನ ರೆಕ್ಕೆಗೂ ಸೂರಿಗೂ ನಡುವೆ ಸುಮಾರು 30 ಸೆಂಟಿಮೀಟರ್ ಅಂತರ ಇರಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಫ್ಯಾನು ಗಾಳಿಯನ್ನು ಸೃಷ್ಟಿಸುವುದಿಲ್ಲ, ಮೇಲಿನಿಂದ ಎಳೆದು ಕೆಳಗೆ ನೂಕುತ್ತದೆ. ಎಳೆಯಲು ಮೇಲೆ ಜಾಗವಿಲ್ಲದಿದ್ದರೆ ಬರೀ ಸದ್ದು. 2.6 ಮೀಟರಿನ ಕೋಣೆಯಲ್ಲಿ ಆ ಅಂತರ ಬಿಟ್ಟರೆ ರೆಕ್ಕೆ ಬರುವುದು ಏಳೂವರೆ ಅಡಿಗೆ. ಹಾಸಿಗೆಯ ಮೇಲೆ ನಿಂತು ಬೆಡ್‌ಶೀಟ್ ಕೊಡವುವವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸುವವರು ಹುಷಾರಾಗಿರಬೇಕು. ಅಂತರ ಬಿಡದೆ ಮೇಲಕ್ಕೆ ಕಟ್ಟಿದರೆ ಸೆಕೆ. ಆಗ ಅದೇ ಇಂಟೀರಿಯರ್‌ನವನು ನಗುತ್ತ ಹೇಳುತ್ತಾನೆ, "ಒಂದು ಎಸಿ ಹಾಕ್ಸಿಬಿಡಿ ಸಾರ್, ಫಾಲ್ಸ್ ಸೀಲಿಂಗ್‌ಗೆ ಎಸಿ ಚೆನ್ನಾಗ್ ಸೆಟ್ ಆಗುತ್ತೆ." ಹೌದು, ಆಗುತ್ತದೆ. ಸಂಹಿತೆ ಕೂಡ ಹವಾನಿಯಂತ್ರಿತ ಕೋಣೆಗೆ 2.4 ಮೀಟರ್ ಸಾಕು ಎನ್ನುತ್ತದೆ. ಕಿಟಕಿ ತೆರೆದು ಫ್ಯಾನು ಹಾಕಿದರೆ ಸಾಕಾಗುತ್ತಿದ್ದ ಊರಿನಲ್ಲಿ ಸೂರನ್ನು ತಗ್ಗಿಸಿ, ತಗ್ಗಿಸಿದ್ದಕ್ಕೆ ಎಸಿ ಮಾರುವ ವ್ಯಾಪಾರ ಇದು. ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರ್ ಎತ್ತರದಲ್ಲಿರುವ, ಬೇಸಿಗೆಯಲ್ಲೂ ರಾತ್ರಿ ತಂಪಿಳಿಯುವ ಬೆಂಗಳೂರಿಗೆ ಇದರ ಹಂಗು ಏಕೆ ಬೇಕಿತ್ತು?

ಇಲ್ಲಿ ಎದುರುವಾದಿಗಳು ತಮ್ಮ ಬಲವಾದ ಮಾತನ್ನು ಎತ್ತುತ್ತಾರೆ: ಫಾಲ್ಸ್ ಸೀಲಿಂಗ್ ಮನೆಯನ್ನು ತಂಪಾಗಿಡುತ್ತದೆ. ಮೇಲ್ಮಹಡಿಯ ಮಟ್ಟಿಗೆ ಇದರಲ್ಲಿ ಒಂದಿಷ್ಟು ನಿಜವಿದೆ, ಅಲ್ಲಗಳೆಯುವುದಿಲ್ಲ. ಬೋರ್ಡಿಗೂ ಸ್ಲ್ಯಾಬಿಗೂ ನಡುವಿನ ಗಾಳಿಯ ಪದರ ಬಿಸಿಯನ್ನು ಸ್ವಲ್ಪ ತಡೆಯುತ್ತದೆ. ಆದರೆ ಬಿಸಿಲಿಗೆ ಕೊಡೆಯನ್ನು ತಲೆಯ ಮೇಲೆ ಹಿಡಿಯುತ್ತಾರೆಯೇ ಹೊರತು ಅಂಗಿಯ ಒಳಗಲ್ಲ. ಸ್ಲ್ಯಾಬು ಹಗಲೆಲ್ಲ ಕಾದು, ಆ ಕಾವು ಒಳಗೆ ಇಳಿದ ಮೇಲೆ ತಡೆಯುವುದಕ್ಕಿಂತ ಮೇಲೆಯೇ ತಡೆಯುವುದು ಅಗ್ಗ ಮತ್ತು ಸರಿ: ತಾರಸಿಗೆ ಬಿಳಿ ಸುಣ್ಣ ಬಳಿಯಿರಿ, ಒಡೆದ ಬಿಳಿ ಟೈಲ್ಸಿನ ಚೂರು ಹಾಸಿ, ಬಿಸಿಲನ್ನು ಹಿಂದಕ್ಕೆ ಕಳಿಸುವ ಬಣ್ಣ ಹೊಡೆಸಿ, ಇಲ್ಲವೇ ಚಪ್ಪರ ಹಾಕಿ ಬಳ್ಳಿ ಹಬ್ಬಿಸಿ. ಇನ್ನು ಹತ್ತು ಮಹಡಿಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿರುವವರ ತಲೆಯ ಮೇಲೆ ಬಿಸಿಲೇ ಇಲ್ಲ, ಐದನೆಯ ಮಹಡಿಯವರ ಹಾಲು ಇದೆ. ಅವರಿಗೂ ತಂಪಿನ ಹೆಸರಿನಲ್ಲಿ ಇದನ್ನು ಮಾರುವುದು ಶುದ್ಧ ಮೋಸ. ಕಾಂಕ್ರೀಟಿನ ದಪ್ಪ ಮೈ ಹಗಲಿನ ಸೆಕೆಯನ್ನು ಹೀರಿಕೊಂಡು, ರಾತ್ರಿ ಕಿಟಕಿ ತೆರೆದಾಗ ಬಿಟ್ಟುಕೊಡುತ್ತದೆ. ಅದನ್ನು ಬೋರ್ಡಿನಿಂದ ಮುಚ್ಚಿದರೆ ಕೋಣೆಗೂ ಆ ತಂಪು ಮೈಗೂ ಸಂಪರ್ಕವೇ ತಪ್ಪಿಹೋಗುತ್ತದೆ.

ಇಷ್ಟೆಲ್ಲ ಸೆಕೆಯ ಮಾತಾಯಿತು. ನನಗೆ ಅದಕ್ಕಿಂತ ದೊಡ್ಡ ಭಯ ನೀರಿನದು.

ಬರಿಯ ಸೂರು ತನ್ನ ಕಷ್ಟವನ್ನು ಹೇಳಿಕೊಳ್ಳುತ್ತದೆ. ಮೇಲಿನ ಮನೆಯ ಬಚ್ಚಲಿನಿಂದ ನೀರು ಇಳಿಯತೊಡಗಿದರೆ ಮೊದಲು ಬಣ್ಣದ ಕೆಳಗೊಂದು ನೆರಳು ಕಾಣುತ್ತದೆ. ಆಮೇಲೆ ಅದರ ಅಂಚಿಗೆ ಬಿಳಿ ಉಪ್ಪು ಕಟ್ಟಿಕೊಳ್ಳುತ್ತದೆ. ಇನ್ನೂ ಸುಮ್ಮನಿದ್ದರೆ, ಒಳಗಿನ ಕಂಬಿ ಹಾದುಹೋಗಿರುವ ದಾರಿಯಲ್ಲೇ ನೇರವಾದ ಒಂದು ಕಂದು ಗೆರೆ ಮೂಡುತ್ತದೆ. ಕಂಬಿಗೆ ತುಕ್ಕು ಹಿಡಿದರೆ ಅದು ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟು ಉಬ್ಬುತ್ತದೆ. ಏಣಿ ಹತ್ತಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಗಟ್ಟಿ ಜಾಗ ಒಂದು ಸದ್ದು ಕೊಡುತ್ತದೆ, ಉಬ್ಬಿದ ಜಾಗ ಟೊಳ್ಳು ಸದ್ದು. ಹಳೆಯ ಮೇಸ್ತ್ರಿಗಳು ಹೀಗೆ ತಟ್ಟುತ್ತಲೇ ಎಲ್ಲಿ ಕೆತ್ತಬೇಕು, ಎಲ್ಲಿ ಬೇಡ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಬಿಡುತ್ತಿದ್ದರು. ಈ ಯಾವ ಹಂತದಲ್ಲಿ ಕಂಡರೂ ರಿಪೇರಿ ಸಾಧ್ಯ. ನೆರಳಿನ ಹಂತದಲ್ಲೇ ಕಂಡರೆ ಮೇಲಿನ ಮನೆಯ ಬಚ್ಚಲಿನ ಟೈಲ್ಸ್ ಸಂದು ತುಂಬಿಸಿದರೆ ಮುಗಿಯಿತು.

ಜಿಪ್ಸಮ್ ಬೋರ್ಡು ಈ ಮಾತನ್ನೆಲ್ಲ ನುಂಗಿಕೊಳ್ಳುತ್ತದೆ. ನೆರಳು, ಉಪ್ಪು, ಕಂದು ಗೆರೆ ಮೂರೂ ಬೋರ್ಡಿನ ಮೇಲಿನ ಕತ್ತಲಲ್ಲಿ ಆಗಿಹೋಗುತ್ತವೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ನೀರು ಒಂದು ದಿನ ಬಂದೇ ಬರುತ್ತದೆ, ಆದರೆ ಸೋರಿದ ಜಾಗದಲ್ಲಲ್ಲ. ಚಾನೆಲ್ಲಿನ ಮೇಲೆ ಹರಿದು, ಇಳಿಜಾರು ಸಿಕ್ಕ ಕಡೆ ಸಾಗಿ, ಕೋಣೆಯ ಇನ್ನೊಂದು ಮೂಲೆಯಲ್ಲಿ ಸ್ಪಾಟ್ ಲೈಟಿನ ತೂತಿನಿಂದ ತೊಟ್ಟಿಕ್ಕುತ್ತದೆ. ಆಗ ಪ್ಲಂಬರು ಒಂದು ಕಡೆ ಒಡೆಯುತ್ತಾನೆ, ಎಲೆಕ್ಟ್ರಿಷಿಯನ್ನು ಇನ್ನೊಂದು ಕಡೆ. ನೀರು ಕುಡಿದ ಬೋರ್ಡು ಮೆತ್ತಗಾಗಿ ಜೋತುಬೀಳುತ್ತದೆ; ಅದನ್ನು ತೇಪೆ ಹಾಕಿದರೆ ತೇಪೆ ಕಾಣುತ್ತದೆ, ಹೀಗಾಗಿ ಇಡೀ ಹಾಲಿನದನ್ನೇ ಬದಲಾಯಿಸಿ ಎಂಬ ಹೊಸ ಕೊಟೇಶನ್ ಬರುತ್ತದೆ. ಮೇಲೆ ಸಂಸಾರ ಹೂಡುವ ಇಲಿ, ಜಿರಳೆ, ಹಲ್ಲಿಗಳ ವಿಚಾರ ಬೇರೆ. ವೈರು ಮುಚ್ಚಿಹೋಗುವುದೇ ಇದರ ದೊಡ್ಡ ಉಪಕಾರ ಎನ್ನುವವರು, ಆ ವೈರನ್ನು ಇಲಿ ಕಡಿದಾಗ ಎಲ್ಲಿಂದ ಹುಡುಕುವುದು ಎಂದು ಹೇಳುವುದಿಲ್ಲ.

ಫ್ಲ್ಯಾಟಿನವರು ಕಳೆದುಕೊಳ್ಳುವುದು ಎತ್ತರ ಮತ್ತು ದುಡ್ಡು. ಹಳೆಯ ಮನೆಯವರು ಕೆಲವು ಸಲ ಮನೆಯನ್ನೇ ಕಳೆದುಕೊಳ್ಳುತ್ತಾರೆ. 1898ರ ಪ್ಲೇಗಿನ ನಂತರ ಜನ ಪೇಟೆಯ ಇಕ್ಕಟ್ಟು ಬಿಟ್ಟು ಬಂದು ತುಂಬಿಕೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮದ್ರಾಸ್ ತಾರಸಿಯ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ನಿಂತಿವೆ. ಒಳಗೆ ನಿಂತು ತಲೆಯೆತ್ತಿದರೆ ಒಂದೊಂದೂವರೆ ಅಡಿಗೊಂದರಂತೆ ತೇಗದ ಜಂತೆ. ಜಂತೆಗಳ ಮೇಲೆ ತೆಳ್ಳನೆಯ ಪುಟ್ಟ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಚ್ಚಿನಲ್ಲಿ ಒಂದಕ್ಕೊಂದು ಒತ್ತಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ. ಬೆಲ್ಲ, ಅಳಲೆಕಾಯಿ ಹಾಕಿದ ನೀರು ಚಿಮುಕಿಸುತ್ತ, ಸಾಲಾಗಿ ಕುಳಿತ ಆಳುಗಳು ಮರದ ಹಲಗೆಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡುತ್ತಿದ್ದ ಪದರ ಅದು. ಎಲ್ಲಕ್ಕೂ ಮೇಲೆ ಚಪ್ಪಟೆ ಬಿಲ್ಲೆ. ಈ ಓರೆ ಇಟ್ಟಿಗೆಯ ಸಾಲು ಯಾರೋ ಅಂದಕ್ಕೆಂದು ಬಳಿದದ್ದಲ್ಲ. ಮೇಲಿನ ಭಾರವನ್ನು ಜಂತೆಯಿಂದ ಜಂತೆಗೆ ದಾಟಿಸುವ ಕೆಲಸ ಅದರದು. ಅದಕ್ಕೆ ಟೆಕ್ಸ್ಚರ್ ಎಂದು ಹೆಸರಿಟ್ಟು ಹಳತಾಯಿತು ಎನ್ನುವವನಿಗೆ ಮನೆ ಹೇಗೆ ನಿಂತಿದೆ ಎಂಬುದೇ ಗೊತ್ತಿಲ್ಲ.

ಇಂಥ ಸೂರಿಗೆ ಎರಡೇ ಶತ್ರು: ಗೆದ್ದಲು ಮತ್ತು ತೇವ. ಎರಡೂ ಶುರುವಾಗುವುದು ಜಂತೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಜಾಗದಲ್ಲಿ. ವರ್ಷಕ್ಕೊಮ್ಮೆ ಮಳೆಗಾಲ ಮುಗಿದ ಮೇಲೆ ಟಾರ್ಚು ಹಿಡಿದು ಆ ತುದಿಗಳನ್ನು ನೋಡಿಕೊಂಡರೆ, ಮಣ್ಣಿನ ಸಣ್ಣ ಕೊಳವೆ ಕಂಡಲ್ಲಿ ಔಷಧಿ ಹಾಕಿಸಿದರೆ, ಒಂದು ಜಂತೆ ಕೆಟ್ಟರೆ ಅದೊಂದನ್ನೇ ಬದಲಿಸಿದರೆ ಅಥವಾ ಪಕ್ಕಕ್ಕೊಂದು ಕಬ್ಬಿಣದ ತೊಲೆ ಕೊಟ್ಟರೆ ಮನೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಅದರ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿದರೆ ಗೆದ್ದಲಿಗೆ ನೀವೇ ಕತ್ತಲೆ, ನಿಂತ ಗಾಳಿ, ಯಾರೂ ನೋಡದ ಏಕಾಂತ ಎಲ್ಲವನ್ನೂ ಒದಗಿಸಿದಂತಾಯಿತು. "ಮೇಲಿಂದ ಮಣ್ಣು ಉದುರುತ್ತೆ, ಅದಕ್ಕೇ ಮುಚ್ಚಿಸ್ತಿದ್ದೀವಿ" ಎನ್ನುವವರನ್ನು ಕಂಡಿದ್ದೇನೆ. ಮಣ್ಣು ಉದುರುವುದು ಸುಣ್ಣದ ಗಚ್ಚು ಸಡಿಲವಾಗಿದೆ ಎಂಬುದರ ಸೂಚನೆ. ಸುಣ್ಣದ ಗಚ್ಚಿನಿಂದಲೇ ಸಂದು ತುಂಬಿ ಎರಡು ಕೈ ಸುಣ್ಣ ಬಳಿದರೆ ನಿಲ್ಲುತ್ತದೆ. ಅದನ್ನು ಬಿಟ್ಟು, ಉದುರುವ ಮಣ್ಣನ್ನು ಹಿಡಿಯಲು ಕೆಳಗೊಂದು ಬೋರ್ಡು ಕಟ್ಟಿಸುತ್ತಾರೆ. ಆಮೇಲೊಂದು ದಿನ ಸೂರು ಕುಸಿಯುವ ಸ್ಥಿತಿಗೆ ಬಂತೆಂದು ಮನೆ ಕೆಡವಿ ನಾಲ್ಕು ಮಹಡಿ ಎಬ್ಬಿಸುತ್ತಾರೆ. ತಪ್ಪು ಹಳೆಯ ಸೂರಿನ ತಲೆಗೆ.

ಕರಾವಳಿ, ಮಲೆನಾಡಿನವರು ಇದನ್ನು ಓದಿ ನಗುವುದು ಬೇಡ. ಅಲ್ಲೀಗ ಹೆಂಚಿನ ಮಾಡಿನ ಕೆಳಗೆ ಪಿವಿಸಿ ಪಟ್ಟಿಯ ಸೀಲಿಂಗ್ ಬಂದು ಕೂತಿದೆ. ಹೆಂಚಿನ ಮನೆಗೆ ಒಳಸೂರು ಹೊಸದೇನೂ ಅಲ್ಲ. ಮರದ ಮುಚ್ಚಿಗೆ ಇತ್ತು, ಅದರ ಮೇಲೆ ಅಡಿಕೆಯನ್ನೋ ಹಳೆಯ ಪಾತ್ರೆಯನ್ನೋ ಇಡುವ ಅಟ್ಟ ಇತ್ತು, ಮನುಷ್ಯ ಹತ್ತಿ ಓಡಾಡುವ ಜಾಗ ಅದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಬೆಳೆದ ಉದ್ಯಮ, ಮೇಲಿನ ಹೆಂಚಿನ ಜೊತೆಗೆ ಕೆಳಪದರಕ್ಕೆಂದೇ ಬೇರೆ ಹೆಂಚನ್ನೂ ಮಾಡಿತು. ಎರಡು ಹೆಂಚಿನ ನಡುವೆ ಗಾಳಿ ಆಡುತ್ತಿತ್ತು, ಕೆಳಗಿನಿಂದ ನೋಡಿದರೆ ಕೆಂಪು ಹೆಂಚಿನ ಅಚ್ಚುಕಟ್ಟಾದ ಸಾಲು ಕಾಣುತ್ತಿತ್ತು. ಸೆಕೆಗೆ ಉತ್ತರ ಬೇಕಿದ್ದರೆ ಅಲ್ಲಿತ್ತು. ಅದನ್ನು ಬಿಟ್ಟು ಬೆಂಕಿ ತಗುಲಿದರೆ ಉಸಿರುಗಟ್ಟಿಸುವ ಆಮ್ಲದ ಹೊಗೆ ಕಾರುವ ಪಿವಿಸಿಯನ್ನು, ತೇಗದ ಗೆರೆ ಅಚ್ಚು ಹಾಕಿಸಿ, ತೇಗದ ಪಕಾಸಿಯ ಕೆಳಗೆ ಕಟ್ಟಿಕೊಳ್ಳುವುದಕ್ಕೆ ಏನೆನ್ನಬೇಕೋ! ಜಿಪ್ಸಮ್ಮಿಗಾದರೂ ಒಂದು ಗುಣವಿದೆ: ಅದರ ತೂಕದ ಐದನೆಯ ಒಂದು ಪಾಲು ಹರಳಿನೊಳಗೆ ಬಂಧಿಯಾದ ನೀರು, ಹಾಗಾಗಿ ಬೇಗ ಬೆಂಕಿಗೆ ಬಗ್ಗುವುದಿಲ್ಲ. ನ್ಯಾಯವಾಗಿ ಸಲ್ಲಬೇಕಾದ ಮಾತನ್ನು ಸಲ್ಲಿಸಿದ್ದೇನೆ.

ಅಂದ ಬೇಡವೇ ಎಂದು ಕೇಳುವವರಿಗೆ ಬೇಲೂರಿಗೆ ಹೋಗಿ ಬನ್ನಿ ಎನ್ನಬೇಕು. ಅಲ್ಲಿನ ದೇವಾಲಯದ ನವರಂಗದ ನಡುವೆ ನಿಂತು ಮೇಲೆ ನೋಡಿದರೆ ಕಾಣುವ ಭುವನೇಶ್ವರಿ, ಸೂರಿನ ಕೆಳಗೆ ನೇತುಹಾಕಿದ ಅಲಂಕಾರವಲ್ಲ. ಕಲ್ಲಿನ ಮೇಲೆ ಕಲ್ಲನ್ನು ಸುತ್ತುಸುತ್ತಾಗಿ ಒಳಕ್ಕೆ ಚಾಚಿಸುತ್ತ ಮುಚ್ಚಿದ ಮಾಳಿಗೆಯೇ ಅದು. ಭಾರ ಹೊರುವ ಕಲ್ಲನ್ನೇ ಶಿಲ್ಪಿ ಕೆತ್ತಿದ್ದಾನೆ. ಅಷ್ಟು ದೂರ, ಅಷ್ಟು ಹಿಂದಕ್ಕೆ ಹೋಗಲು ಮನಸ್ಸಿಲ್ಲದಿದ್ದರೆ ಫಿಲ್ಲರ್ ಸ್ಲ್ಯಾಬ್ ನೋಡಿ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯಗೊಳಿಸಿದ ವಿಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ತಂಡವೂ ಇಂಥ ಕಡಿಮೆ ಖರ್ಚಿನ ಸೂರುಗಳ ಮೇಲೆ ಕೆಲಸ ಮಾಡಿತು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಂಬಿ, ಕಾಂಕ್ರೀಟಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಆ ಜಾಗದಲ್ಲಿ ಮಂಗಳೂರು ಹೆಂಚನ್ನು ಕೂರಿಸಿದರೆ ಸಿಮೆಂಟು ಉಳಿಯುತ್ತದೆ, ಭಾರ ಇಳಿಯುತ್ತದೆ, ಸೆಂಟ್ರಿಂಗ್ ಬಿಚ್ಚಿದಾಗ ಕೆಂಪು ಚೌಕಗಳ ಸೂರು ತಾನಾಗಿ ಸಿಗುತ್ತದೆ. ಬಣ್ಣವೂ ಬೇಡ. ಹೀಗೆ ಕಟ್ಟಿದ ಮನೆಯನ್ನು ಕೊಂಡವರೊಬ್ಬರು ಮೊದಲು ಮಾಡಿದ ಕೆಲಸ ಅದನ್ನು ಬಿಳಿ ಬೋರ್ಡಿನಿಂದ ಮುಚ್ಚಿಸಿದ್ದು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವುದುಂಟು. ಇಲ್ಲಿ ಮುಡಿದಿದ್ದ ಮಲ್ಲಿಗೆಯನ್ನು ಕಿತ್ತು ಪ್ಲಾಸ್ಟಿಕ್ ಹೂವು ಸಿಕ್ಕಿಸಿಕೊಂಡಾಯಿತು.

ಮುಚ್ಚಿದ ಸೂರಿನ ಮುಂದಿನ ಕತೆ ಏನೆಂದು ತಿಳಿಯಬೇಕಿದ್ದರೆ ಅಮೆರಿಕದಲ್ಲಿರುವ ನಿಮ್ಮ ನೆಂಟರನ್ನು ಕೇಳಿ. ಸನ್ನಿವೇಲ್, ಫ್ರೀಮಾಂಟ್ ಕಡೆ ಅರವತ್ತು, ಎಪ್ಪತ್ತರ ದಶಕದ ಮನೆ ಕೊಂಡ ಕನ್ನಡಿಗರಿಗೆ 'ಪಾಪ್‌ಕಾರ್ನ್ ಸೀಲಿಂಗ್' ಚೆನ್ನಾಗಿ ಗೊತ್ತು. ಹರಳು ಹರಳಾಗಿ ಸಿಂಪಡಿಸಿದ ಆ ಸೂರು ಒಂದು ಕಾಲಕ್ಕೆ ಅಲ್ಲಿನ ಹೊಸ ಫ್ಯಾಶನ್ನು. ಸದ್ದು ಹೀರುತ್ತದೆ ಎಂದು ಹೊಗಳುತ್ತಿದ್ದರು. ಗುತ್ತಿಗೆದಾರರಿಗೆ ಅದಕ್ಕಿಂತ ಮುಖ್ಯವಾಗಿ, ಬೋರ್ಡಿನ ಸಂದುಗಳನ್ನು ಅಚ್ಚುಕಟ್ಟಾಗಿ ಮುಗಿಸುವ ಕೂಲಿ ಉಳಿಯುತ್ತಿತ್ತು. ಎಷ್ಟೋ ಕಡೆ ಅದರಲ್ಲಿ ಕಲ್ನಾರು ಬೆರೆಸಿದ್ದರು. 1978ರಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಅಲಂಕಾರಕ್ಕೆ ಕಲ್ನಾರು ಸಿಂಪಡಿಸುವುದನ್ನು ನಿಷೇಧಿಸಿತು. ಈಗ ಆ ಸೂರೇ ಅಲ್ಲಿ ಔಟ್‌ಡೇಟೆಡ್. ಕೆರೆಯುವ ಮೊದಲು ಚೂರೊಂದನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಕಲ್ನಾರು ಇದ್ದರೆ ಪರವಾನಗಿ ಇರುವವರನ್ನು ಕರೆಸಬೇಕು. ಗಟ್ಟಿಯಾಗಿದ್ದರೆ ಕೆಣಕದೆ ಬಿಡುವುದೇ ಲೇಸು ಎನ್ನುತ್ತಾರೆ ತಿಳಿದವರು. ಅಪ್ಪ ದುಡ್ಡು ಕೊಟ್ಟು ಹಾಕಿಸಿದ್ದನ್ನು ಮಗ ಇನ್ನೂ ಹೆಚ್ಚು ದುಡ್ಡು ಕೊಟ್ಟು ತೆಗೆಸುತ್ತಾನೆ. ನಮ್ಮ ಬೋರ್ಡಿನಲ್ಲಿ ಕಲ್ನಾರಿಲ್ಲ, ಸರಿ. ಆದರೆ ಹತ್ತು ವರ್ಷದ ಹಿಂದೆ ಕೆಂಪು, ನೀಲಿ ದೀಪ ಹಾಕಿ ಮೂರು ಮೆಟ್ಟಿಲಿನ ಸೀಲಿಂಗ್ ಮಾಡಿಸಿಕೊಂಡವರ ಮನೆಗೆ ಇಂದಿನ ಇಂಟೀರಿಯರ್‌ನವನನ್ನು ಕರೆದು ನೋಡಿ. ಅವನ ಬಾಯಿಂದ ಬರುವ ಮೊದಲ ಮಾತು ಅದೇ: ಔಟ್‌ಡೇಟೆಡ್ ಸಾರ್. ಬಿಳಿ ಬಳಿದ ಬರಿಯ ಮೋಲ್ಡಿಗೆ ಮಾತ್ರ ಯಾವ ಕಾಲದಲ್ಲೂ ಈ ಕಾಯಿಲೆ ಬಂದಿಲ್ಲ.

ಕಿತ್ತ ಬೋರ್ಡು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯಾರೂ ಕೇಳುವುದಿಲ್ಲ. ಕಟ್ಟಡ ತ್ಯಾಜ್ಯಕ್ಕೆ 2016ರಿಂದಲೇ ನಿಯಮಗಳಿವೆ. ಊರಾಚೆಯ ಕೆರೆಯಂಚಿಗೆ ರಾತ್ರಿ ಲಾರಿಗಳು ಸುರಿದು ಹೋಗುವುದೂ ಇದೆ. ಕಸದ ರಾಶಿಯಡಿ ಗಾಳಿಯಾಡದೆ ನೆನೆದ ಜಿಪ್ಸಮ್ಮು ಕೊಳೆತ ಮೊಟ್ಟೆಯ ನಾತದ ವಿಷಾನಿಲ ಬಿಡುತ್ತದೆ.

ಆಸ್ಪತ್ರೆಗೆ, ಆಫೀಸಿಗೆ, ರೆಕಾರ್ಡಿಂಗ್ ಕೋಣೆಗೆ ಫಾಲ್ಸ್ ಸೀಲಿಂಗ್ ಬೇಕು. ಅಲ್ಲಿ ಮೇಲೆ ಎಸಿಯ ಕೊಳವೆಗಳಿವೆ, ಬೆಂಕಿ ಆರಿಸುವ ನೀರಿನ ಪೈಪುಗಳಿವೆ, ಸೂರೂ ಎತ್ತರ. ಮನೆಯಲ್ಲಿ ಬಚ್ಚಲಿನ ಮೇಲಿನ ಪೈಪು ಮುಚ್ಚಲು ಬಿಚ್ಚಿ ಹಾಕುವಂಥ ಹಲಗೆ ಹಾಕಿಸಿದರೆ ತಪ್ಪಿಲ್ಲ. ಉಳಿದದ್ದಕ್ಕೆ ಸಮರ್ಥನೆ ನನಗೆ ಕಾಣದು. ಬೆಳಕಿನ ನೆಪವೂ ನಿಲ್ಲುವುದಿಲ್ಲ: ಗೋಡೆಯ ಮೇಲೆ ಎತ್ತರದಲ್ಲಿ ದೀಪ ಹಾಕಿ ಅದರ ಮುಖ ಬಿಳಿ ಸೂರಿನ ಕಡೆ ತಿರುಗಿಸಿದರೆ ಇಡೀ ಕೋಣೆಗೆ ಹದವಾದ ಬೆಳಕು ಬೀಳುತ್ತದೆ, ದೂಳು ಕೂರುವ ಗುಂಡಿಯೂ ಇರುವುದಿಲ್ಲ. ಹಳೆಯ ಪಿಓಪಿ ಹೂವು, ಗುಳ್ಳೆಯ ಟೆಕ್ಸ್ಚರು ನಿಜಕ್ಕೂ ಕಣ್ಣಿಗೆ ಒಗ್ಗದಿದ್ದರೆ ಕೆರೆಸಿ, ಪುಟ್ಟಿ ಎಳೆಸಿ, ಬಿಳಿ ಹೊಡೆಸಿ. ಕೆರೆಯುವವನಿಗೆ ಒಳ್ಳೆಯ ಮಾಸ್ಕು, ಕನ್ನಡಕ ಕೊಡಿಸಿ. ತಲೆಯೆತ್ತಿ ಕೆಲಸ ಮಾಡುವವನ ಕಣ್ಣಿಗೆ, ಮೂಗಿಗೆ ಬೀಳುವ ಪುಡಿಯ ಲೆಕ್ಕ ಯಾವ ಕೊಟೇಶನ್ನಿನಲ್ಲೂ ಇರುವುದಿಲ್ಲ.

ಇಷ್ಟು ಹೇಳಿದ ಮೇಲೂ ಮುಚ್ಚಿಸಲೇಬೇಕು ಎನ್ನುವವರು ಒಂದು ಕೆಲಸ ಮಾಡಿ. ಸಹಿ ಹಾಕುವ ಮೊದಲು ಟೇಪು ಹಿಡಿದು ನೆಲದಿಂದ ಸೂರಿಗೆ ಅಳೆಯಿರಿ, ಅದರಲ್ಲಿ ಎಂಟಿಂಚು ಕಳೆಯಿರಿ, ಉಳಿದದ್ದು 2.75 ಮೀಟರಿಗಿಂತ ಕಡಿಮೆಯಾದರೆ ಕೊಟೇಶನ್ನಿನ ಆ ಸಾಲನ್ನು ಹೊಡೆದುಹಾಕಿ. ಆ ದುಡ್ಡಿನಲ್ಲಿ ಮಳೆಗಾಲಕ್ಕೆ ಮುಂಚೆ ತಾರಸಿಯ ಇಳಿಜಾರು ಸರಿಮಾಡಿಸಿ, ನೀರು ಹೋಗುವ ಕಿಂಡಿ ಬಿಡಿಸಿ, ಮೇಲಿನ ಮನೆಯವರೊಂದಿಗೆ ಬಚ್ಚಲಿನ ಸೋರಿಕೆಯ ಬಗ್ಗೆ ಮಾತಾಡಿ.